ಬಾಟಲಿ ಸಾಹೇಬರ ಬೂಟು

ಆ ಬೆಳಿಗ್ಗೆ ಬಾಟಲಿ ಸಾಹೇಬರು ಬೂಟು ಹಾಕಿಕೊಳ್ಳದೆ ಮನೆಯಿಂದ ಹೊರಬಿದ್ದರು. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ತರಕಾರಿ ಚೀಲ. ಗೃಹಸ್ಥನೊಬ್ಬ ಚಪ್ಪಲಿ ಮೆಟ್ಟಿ ತರಕಾರಿಗೆ ಹೊರಟರೆ ಲೋಕ ಮುಳುಗುವುದಿಲ್ಲ, ನಿಜ. ಆದರೆ ಅದು ಕೆಲಸದ ದಿನ, ಕಚೇರಿಯ ಹೊತ್ತು, ಮತ್ತು ಚೀಲದಲ್ಲಿ ಸೊಪ್ಪಿನ ಕೆಳಗೆ ಇದ್ದದ್ದು ಮೂರು ಖಾಲಿ ಬಾಟಲಿಗಳು.

ಸಾಹೇಬರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಅಂಚೆಯವನಿಗೆ ಮಾತ್ರ ಗೊತ್ತು. ನದಿ ಕಾಲುವೆಗಳನ್ನು ಕಾಯುವ ಇಲಾಖೆಯಲ್ಲಿ ಅವರು ಕ್ಷೇತ್ರ ನಿರೀಕ್ಷಕರು. ಕಾರ್ಖಾನೆಗಳ ಕೊಳವೆಯ ಬಾಯಿಗೆ ಹೋಗಿ ಬಾಟಲಿಯಲ್ಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಒಪ್ಪಿಸುವುದು ಕೆಲಸ. ಹೀಗೆ ಬಾಟಲಿ ಹಿಡಿದು ಹೋಗುವುದನ್ನೂ ಬಾಟಲಿ ಹಿಡಿದು ಬರುವುದನ್ನೂ ನೋಡಿದ ಬೀದಿ ಅವರಿಗೆ ಈ ಬಿರುದು ಕೊಟ್ಟಿತ್ತು. ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯನಿಗೆ ಇಂಥ ಬಿರುದು ಬಂತಲ್ಲ ಎಂದು ಮೊದಮೊದಲು ಹೆಂಡತಿ ಅತ್ತಿದ್ದಳು. ಆಮೇಲೆ ಅವಳಿಗೂ ಅಭ್ಯಾಸವಾಯಿತು.

ಅವರ ಮನೆಯ ಹಿತ್ತಲ ಗೋಡೆಗೆ ತಾಗಿಕೊಂಡೇ ಕಾಲುವೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟು ಸಂಜೆ ಕಳೆದದ್ದುಂಟು. ಈಗ ಕಾಲಿಟ್ಟರೆ ಯಾವ ಬಣ್ಣದಲ್ಲಿ ವಾಪಸು ಬರುತ್ತದೋ ಹೇಳುವಂತಿರಲಿಲ್ಲ. ಆಚೆ ದಡದ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದಿತ್ತು. ಕಾನೂನೇನೋ ಸರಳ: ಬಣ್ಣದ ನೀರನ್ನು ಶುದ್ಧೀಕರಣ ಘಟಕಕ್ಕೆ ಹಾಯಿಸಿ, ತಿಳಿ ಮಾಡಿ, ಆಮೇಲೆ ಬಿಡಬೇಕು. ಘಟಕವೂ ಇತ್ತು. ಅಟ್ಟದ ಮೇಲೆ ಜೋಪಾನ ಮಾಡಿಟ್ಟ ಹೊಸ ಪಾತ್ರೆಯ ಹಾಗೆ ಥಳಥಳ ಹೊಳೆಯುತ್ತಿತ್ತು, ಏಕೆಂದರೆ ಯಾರೂ ಬಳಸುತ್ತಿರಲಿಲ್ಲ. ಅದು ಕರೆಂಟು ತಿನ್ನುತ್ತದೆ, ಕಾಲುವೆ ಏನೂ ಕೇಳುವುದಿಲ್ಲ. ಹಾಗಾಗಿ ಒಂದು ದಿನ ಕೆಂಪು, ಒಂದು ದಿನ ನೀಲಿ ಹರಿಯುತ್ತಿತ್ತು. ಒಮ್ಮೆ ಬಿಳಿ ಬಾತುಕೋಳಿಯೊಂದು ಹಸಿರಾಗಿ ದಡ ಹತ್ತಿ ಬಂದು, ತನ್ನವರು ಗುಂಪಿಗೆ ಸೇರಿಸಿಕೊಳ್ಳದೆ ಇಡೀ ಮಧ್ಯಾಹ್ನ ಕೂಗಾಡಿದ್ದನ್ನು ಬೀದಿಯೇ ನೋಡಿತ್ತು.

ಇಷ್ಟಾದರೂ ಸಾಹೇಬರು ಬಾಟಲಿ ಹಿಡಿದು ಹೋದ ದಿನ ಆ ಕೊಳವೆಯಿಂದ ಬರುತ್ತಿದ್ದದ್ದು ಎಳನೀರಿನಂಥ ನೀರು. ಕಾರ್ಖಾನೆಯ ಮ್ಯಾನೇಜರು ಕುರ್ಚಿ ಹಾಕಿಸಿ, ತುಂಬಿಸ್ಕೊಳ್ಳಿ ಸಾರ್, ಎಷ್ಟು ಬೇಕಾದ್ರೂ ತುಂಬಿಸ್ಕೊಳ್ಳಿ ಎಂದು ನಗುತ್ತಿದ್ದ. ಸಾಹೇಬರು ತಿಳಿನೀರು ತಂದು ಒಪ್ಪಿಸುತ್ತಿದ್ದರು. ಮರುದಿನ ಕಾಲುವೆ ಮತ್ತೆ ರಂಗೇರುತ್ತಿತ್ತು. ಹಿತ್ತಲಲ್ಲಿ ಹಿಡಿದ ನೀರು ಲೆಕ್ಕಕ್ಕಿಲ್ಲ, ಮಾದರಿ ಕೊಳವೆಯ ಬಾಯಲ್ಲೇ ಹಿಡಿದದ್ದಾಗಬೇಕಿತ್ತು.

ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂಬುದು ಕಣ್ಣು ಮುಚ್ಚಿದವನಿಗೂ ಕಾಣುತ್ತಿತ್ತು. ಯಾರು ಎಂಬುದು ಮಾತ್ರ ಕಣ್ಣು ಬಿಟ್ಟುಕೊಂಡು ಕೂತ ಸಾಹೇಬರಿಗೆ ಕಂಡಿರಲಿಲ್ಲ. ಮೊದಲು ಅನುಮಾನ ಹೋದದ್ದು ಜೀಪಿನ ಡ್ರೈವರ್ ಮೇಲೆ. ಅವನೊಂದಿಗೆ ಮಾತು ಬಿಟ್ಟರು. ಆಮೇಲೆ ಗುಮಾಸ್ತನ ಮೇಲೆ. ಅವನು ಕೊಟ್ಟ ಚಹಾ ಬಿಟ್ಟರು. ಕಚೇರಿಯಲ್ಲಿ ಮಾತೂ ಇಲ್ಲ, ಚಹಾವೂ ಇಲ್ಲ. ಕೊಳವೆಯಲ್ಲಿ ನೀರು ಮಾತ್ರ ತಿಳಿ.

ಹಿಂದಿನ ದಿನ ಮೇಲಧಿಕಾರಿ ಮೇಡಂ ಕರೆಸಿ ಖಡಾಖಂಡಿತವಾಗಿ ಹೇಳಿದ್ದರು. ನಾಳೆ ಪ್ರಯೋಗಾಲಯ ಮುಚ್ಚುವುದರೊಳಗೆ ಕೊಳಕು ನೀರಿನ ಮಾದರಿ ಬರಬೇಕು. ಬರಲಿಲ್ಲವೋ, ಕಾರ್ಖಾನೆಯ ಮೇಲಿನ ದೂರು ಮುಕ್ತಾಯ, ಅವರು ಕೇಳಿಕೊಂಡಿರುವ ಎರಡನೇ ಕೊಳವೆಗೆ ಅನುಮತಿ, ಸಾಹೇಬರಿಗೆ ಸ್ಟೋರ್ ರೂಮು. ಸ್ಟೋರ್ ರೂಮಿಗೆ ಸಾಹೇಬರು ಹೆದರಲಿಲ್ಲ. ಒಂದೇ ಕೊಳವೆಗೆ ಬಾತುಕೋಳಿ ಹಸಿರಾಗಿತ್ತು, ಎರಡಾದರೆ ಬಾತುಕೋಳಿಯೇ ಇರುವುದಿಲ್ಲವಲ್ಲ ಎಂಬುದೇ ಅವರ ಚಿಂತೆ. ಆ ರಾತ್ರಿಯೇ ಅವರು ಗಟ್ಟಿ ಮನಸ್ಸು ಮಾಡಿದರು. ಈ ಸಲ ಜೀಪಿಲ್ಲ, ಕಚೇರಿಗೆ ಸುದ್ದಿಯಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳುವಂತಿಲ್ಲ.

ಬೂಟು ಬಿಟ್ಟದ್ದೂ ಇದೇ ಕಾರಣಕ್ಕೆ. ಇಲಾಖೆ ಕೊಟ್ಟ ರಬ್ಬರ್ ಬೂಟು ಅದು, ತೊಡೆಯವರೆಗೆ ಬರುವಂಥದ್ದು, ಕಡುಗಪ್ಪು, ಅಡಿ ಮಾತ್ರ ಕೆಂಪು. ತಪಾಸಣೆಯ ಹಿಂದಿನ ಸಂಜೆ ಅದಕ್ಕೆ ಎಣ್ಣೆ ಸವರಿ, ಗಾಳಿಯಾಡಲೆಂದು ಹಿತ್ತಲ ಗೋಡೆಯ ಮೇಲೆ ನಿಲ್ಲಿಸುವುದು ಸಾಹೇಬರ ಕ್ರಮ. ಈ ಸಲ ಹಾಗೆ ಮಾಡಿದರೆ ಹೆಂಡತಿ ‘ನಾಳೆ ಎಲ್ಲಿಗೆ’ ಅನ್ನುತ್ತಾಳೆ. ಆದ್ದರಿಂದ ಬೂಟು ಮಂಚದ ಕೆಳಗೇ ಮಲಗಿತ್ತು.

ಸೈಕಲ್ಲಿಗೆ ಚೀಲ ಸಿಕ್ಕಿಸುವಾಗ ಬಾಟಲಿಗಳು ಒಂದಕ್ಕೊಂದು ತಾಗಿ ಠಣ್ ಎಂದವು. ಪಕ್ಕದ ಮನೆಯ ಗೇಟಿನ ಹಿಂದೆ ಪತ್ರಿಕೆಯೊಂದು ಕೆಳಗಿಳಿದು ನಿವೃತ್ತ ಮೇಷ್ಟ್ರ ಮುಖ ಮೇಲೆದ್ದಿತು. ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟಿದ್ದರು, ಪ್ರಶ್ನೆ ಕೇಳುವುದನ್ನು ಬಿಟ್ಟಿರಲಿಲ್ಲ. ಸೊಪ್ಪು ಠಣ್ ಅನ್ನುವುದು ಯಾವಾಗಿನಿಂದ ಎಂದು ಅವರು ವಿಚಾರಿಸಿದರು.

ಸಾಹೇಬರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ರೂಢಿಯಿಲ್ಲದವರು ಅವಸರದಲ್ಲಿ ಹೇಳುವ ಸುಳ್ಳು ಯಾವಾಗಲೂ ಬೇಕಾದ್ದಕ್ಕಿಂತ ದೊಡ್ಡದಿರುತ್ತದೆ.

“ಮೂತ್ರ ಪರೀಕ್ಷೆಗೆ ಮೇಷ್ಟ್ರೇ. ಡಾಕ್ಟ್ರು ಹೇಳಿದಾರೆ.”

ಮೇಷ್ಟ್ರು ಚೀಲದಿಂದ ಇಣುಕುತ್ತಿದ್ದ ಬಾಟಲಿಗಳ ಕುತ್ತಿಗೆಯನ್ನು ಎಣಿಸಿದರು. ಅವರ ಮುಖ ಬಾಡಿತು. ಅಷ್ಟೊಂದು ಬೇಕೆಂದರೆ ಕಾಯಿಲೆ ಸಣ್ಣದಿರಲಾರದು ಎಂದುಕೊಂಡು ಸೈಕಲ್ಲಿನ ಹ್ಯಾಂಡಲ್ ಹಿಡಿದೇಬಿಟ್ಟರು. ಒಬ್ಬರೇ ಕಳಿಸುವುದು ಹೇಗೆ, ನೆರೆಹೊರೆ ಅಂತ ಇರುವುದು ಯಾತಕ್ಕೆ? ದಾರಿಯುದ್ದಕ್ಕೂ ಕಂಡವರಿಗೆಲ್ಲ ಅವರು ಕಣ್ಣಲ್ಲೇ ವಿಷಯ ತಿಳಿಸುತ್ತ ಬಂದರು. ದಿನಸಿ ಅಂಗಡಿಯವನು ತಕ್ಕಡಿ ಬಿಟ್ಟು ಎದ್ದು ನಿಂತ. ಹೊಲಿಗೆಯವಳು ಯಂತ್ರ ನಿಲ್ಲಿಸಿ ಲೊಚಗುಟ್ಟಿದಳು. ಲಾಂಡ್ರಿ ಅಕ್ಕ ಮಾತ್ರ ಆಸ್ಪತ್ರೆಯ ದುಪ್ಪಟಿಗಳ ಗಂಟು ಹೊತ್ತು ಕಾಲುವೆಯ ಕಡೆ ಹೋಗುತ್ತಿದ್ದವಳು, ಹಾಗಾದರೆ ಇವತ್ತು ಅಣ್ಣ ತಪಾಸಣೆಗೆ ಹೋಗುವುದಿಲ್ಲವೇ ಎಂದು ಕೇಳಿ, ಇಲ್ಲವೆಂದು ತಿಳಿದಾಗ ಅತಿಯಾಗಿ ನೊಂದುಕೊಂಡಳು. ಎಂಥ ಕರುಳು ಇವಳದ್ದು ಎಂದು ಸಾಹೇಬರಿಗೆ ಮರುಕ ಹುಟ್ಟಿತು.

ಮೂಲೆಯ ದವಾಖಾನೆಯಲ್ಲಿ ಮೇಷ್ಟ್ರು ಸಾಲು ದಾಟಿಸಿ ಅವರನ್ನು ಒಳಗೆ ನುಗ್ಗಿಸಿದರು. ಡಾಕ್ಟರು ಕನ್ನಡಕ ಏರಿಸಿ ಬಾಟಲಿಗಳನ್ನು ನೋಡಿದರು, ಸಾಹೇಬರನ್ನು ನೋಡಿದರು, ಮತ್ತೆ ಬಾಟಲಿಗಳನ್ನು ನೋಡಿದರು.

“ಇಷ್ಟು ತುಂಬಿಸೋಕೆ ಯಾರು ಹೇಳಿದ್ದು?”

“ತಾವೇ ಅಂತೆ,” ಎಂದರು ಮೇಷ್ಟ್ರು.

ಡಾಕ್ಟರಿಗೆ ತಮ್ಮ ನೆನಪಿನ ಮೇಲೆಯೇ ಸಂಶಯ ಬಂತು. ರೋಗಿಯ ನಾಲಗೆ ಚಾಚಿಸಿ, ರೆಪ್ಪೆ ಎತ್ತಿ, ಹೊಟ್ಟೆಯನ್ನು ತಬಲಾದಂತೆ ಬಾರಿಸಿ, ಕೊನೆಗೆ ಒಂದನ್ನಾದರೂ ತುಂಬಿಸಿಕೊಂಡು ಬನ್ನಿ ನೋಡೋಣ ಎಂದರು. ಸಾಹೇಬರಿಗೆ ಬೇಕಾಗಿದ್ದದ್ದೂ ಅಷ್ಟೇ. ಚೀಲದ ಸಮೇತ ಹಿಂಬದಿಯ ಶೌಚಾಲಯಕ್ಕೆ ಹೋದವರು ಅದರ ಪಕ್ಕದ ಮೋಟುಗೋಡೆ ಹಾರಿದರು. ಹಾರುವಾಗ ಒಂದು ಚಪ್ಪಲಿ ದವಾಖಾನೆಯ ಕಡೆಗೇ ಉಳಿಯಿತು. ಸೈಕಲ್ಲು ಮುಂಬಾಗಿಲಲ್ಲಿ ಮೇಷ್ಟ್ರ ವಶದಲ್ಲಿತ್ತು. ಎರಡನ್ನೂ ಅಲ್ಲೇ ಬಿಟ್ಟು, ಒಂಟಿ ಚಪ್ಪಲಿಯನ್ನೂ ಎಸೆದು, ಬರಿಗಾಲಲ್ಲಿ ಅವರು ಕಾಲುವೆಯ ದಾರಿ ಹಿಡಿದರು.

ಚಿಕ್ಕ ಸೇತುವೆ ದಾಟಿ, ಆಳೆತ್ತರದ ಜೊಂಡುಹುಲ್ಲಿನೊಳಗೆ ಬಗ್ಗಿಕೊಂಡೇ ನಡೆದರು. ಕಾರ್ಖಾನೆಯ ಎತ್ತರದ ನೀರಿನ ಟ್ಯಾಂಕಿನ ಮೇಲೆ ಯಾವಾಗಲೂ ಒಬ್ಬ ಕಾವಲುಗಾರ ಕುಳಿತಿರುತ್ತಿದ್ದ. ಅವನ ಕಣ್ಣಿಗೆ ಬೀಳಬಾರದು. ಮುಳ್ಳು ಚುಚ್ಚಿತು, ಕೆಸರು ಮೊಣಕಾಲು ನುಂಗಿತು, ಅದೆಂಥದೋ ಹುಳು ಅಂಗಿಯೊಳಗೆ ಸಂಸಾರ ಹೂಡಿತು. ಹಲ್ಲು ಕಚ್ಚಿ ಮುಂದುವರಿದ ಸಾಹೇಬರು ಕೊನೆಗೆ ಹುಲ್ಲು ಸರಿಸಿ ಕಣ್ಣರಳಿಸಿದರು.

ಕೊಳವೆಯ ಬಾಯಿಂದ ಕೆಂಪು ನೀರು ದಬದಬನೆ ಸುರಿಯುತ್ತಿತ್ತು. ಸಾಧಾರಣ ಕೆಂಪಲ್ಲ, ಮದುಮಗಳ ಸೀರೆಯ ಕೆಂಪು. ಅದನ್ನು ಕಂಡು ಯಾವ ಮನುಷ್ಯನೂ ಸಂತೋಷಪಡಬಾರದು. ಸಾಹೇಬರ ಕಣ್ಣಲ್ಲಿ ಆನಂದಬಾಷ್ಪ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಆ ಕೊಳವೆಯ ಬಾಯಲ್ಲಿ ಇಂಥ ಹೊಲಸು ನೀರನ್ನು ಅವರು ಕಂಡದ್ದೇ ಮೊದಲು. ಯಾರಿಗೂ ಹೇಳದೆ ಬಂದದ್ದಕ್ಕೆ ಇದು ಫಲ ಎಂದುಕೊಂಡು ಬಾಟಲಿಯ ಬಿರಡೆ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತುಬಿಟ್ಟರು.

ನಿಯಮವೊಂದು ನೆನಪಾಗಿತ್ತು. ಬಾಟಲಿ ತುಂಬುವುದನ್ನು ಕಾಲುವೆಯ ದಡದ ಇಬ್ಬರು ನಿವಾಸಿಗಳು ಕಣ್ಣಾರೆ ಕಂಡು, ಸಾಕ್ಷಿ ಚೀಟಿಯ ಮೇಲೆ ಸಹಿ ಹಾಕಬೇಕು. ಇಲ್ಲವಾದರೆ ಆ ನೀರಿಗೆ ಬಚ್ಚಲ ನೀರಿನ ಬೆಲೆಯೂ ಇಲ್ಲ. ಬೇರೆ ದಿನಗಳಲ್ಲಾದರೆ ಕಾರ್ಖಾನೆಯವರೇ ಇಬ್ಬರನ್ನು ಕರೆಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಇವತ್ತು ಇದ್ದಬದ್ದವರ ಕಣ್ಣಿಗೆಲ್ಲ ಮಣ್ಣೆರಚಿ ಬಂದ ಸಾಹೇಬರಿಗೆ ಎರಡು ಜೊತೆ ಕಣ್ಣು ಬೇಕಾಗಿದ್ದವು.

ಬಂದ ದಾರಿಯಲ್ಲೇ ಏಳುತ್ತ ಬೀಳುತ್ತ ಓಡಿದರು. ಸೇತುವೆಯ ಬುಡದಲ್ಲಿ ಲಾಂಡ್ರಿ ಅಕ್ಕ ಒಗೆಯುವ ಕಲ್ಲಿನ ಮೇಲೆ ಕೆನ್ನೆಗೆ ಕೈಕೊಟ್ಟು ಕೂತು ಕೆಂಪು ನೀರನ್ನು ದಿಟ್ಟಿಸುತ್ತಿದ್ದಳು. ಸೇತುವೆಯ ಮೇಲೆ ಮೇಷ್ಟ್ರು ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈಯಲ್ಲಿ ಒಂಟಿ ಚಪ್ಪಲಿ ಹಿಡಿದು ನೀರಿನೊಳಗೆ ಏನನ್ನೋ ಹುಡುಕುತ್ತಿದ್ದರು. ಕೆಸರಿನ ಸಾಹೇಬರನ್ನು ಜೀವಂತ ಕಂಡು ಅವರು ಚಪ್ಪಲಿಯನ್ನು ಎದೆಗೊತ್ತಿಕೊಂಡರು.

ಸಾಹೇಬರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಾಯಿಲೆ ಇಲ್ಲವೆಂದು ಕೇಳಿ ಮೇಷ್ಟ್ರಿಗೆ ನಿರಾಸೆಯಾದಂತೆ ಕಂಡಿತು. ಆದರೂ ಸಾಕ್ಷಿ ಅಂದಮೇಲೆ ಅದಕ್ಕೊಂದು ಗೌರವ ಇದೆಯಲ್ಲ, ಒಪ್ಪಿಕೊಂಡರು. ಲಾಂಡ್ರಿ ಅಕ್ಕನಿಗೆ ಮಾತ್ರ ಏನೋ ಇರಿಸುಮುರಿಸು. ಅಣ್ಣನ ಕಾಲು ನೋಡಿ, ಬೂಟು ಎಲ್ಲಿ ಎಂದು ಎರಡು ಸಲ ಕೇಳಿದಳು. ಬೂಟು ಮನೆಯಲ್ಲಿದೆ, ನೀನು ಬಾ ತಾಯಿ ಎಂದು ಸಾಹೇಬರು ಇಬ್ಬರನ್ನೂ ಹುಲ್ಲಿನೊಳಗೆ ಎಳೆದುಕೊಂಡು ಹೋದರು.

ನೀರು ಇನ್ನೂ ಕೆಂಪಾಗಿಯೇ ಇತ್ತು. ಸಾಹೇಬರು ಬಾಟಲಿ ಹಿಡಿದು ಬಗ್ಗಿದರು.

“ತಡೀರಿ,” ಎಂದರು ಮೇಷ್ಟ್ರು. “ಓದದೆ ನಾನು ಯಾವುದಕ್ಕೂ ಸಹಿ ಹಾಕಿದವನಲ್ಲ. ಮೊದಲು ಆ ಚೀಟಿ ಕೊಡಿ.”

ಆಮೇಲೆ ಓದಿ ಎಂದು ಸಾಹೇಬರು ಅಂಗಲಾಚಿದರು. ಮೇಷ್ಟ್ರು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕನ್ನಡಕ ಒರೆಸಿ, ಚೀಟಿಯನ್ನು ಬೆಳಕಿಗೆ ಹಿಡಿದು, ತರಗತಿಯಲ್ಲಿ ಓದಿದ ಹಾಗೆ ಗಟ್ಟಿಯಾಗಿ ಶುರುಮಾಡಿದರು. ‘ಸದರಿ ಕಾಲುವೆಯ’ ಎಂಬಲ್ಲಿ ನಿಂತು, ಸದರಿ ಅಂದರೆ ಯಾವ ಕಾಲುವೆ ಎಂದು ಬರೆದಿಲ್ಲವಲ್ಲ ಎಂದು ಆಕ್ಷೇಪಣೆ ಎತ್ತಿದರು. ಅದಕ್ಕೆ ಉತ್ತರ ಪಡೆದು ಮುಂದಿನ ಸಾಲಿಗೆ ದಾಟುವಷ್ಟರಲ್ಲಿ ಸೇತುವೆಯ ಕಡೆಯಿಂದ ಹೆಣ್ಣುಕೂಗು ಕೇಳಿಸಿತು.

ಸಾಹೇಬರ ಹೆಂಡತಿ ಓಡಿ ಬರುತ್ತಿದ್ದಳು. ಗಂಡನಿಗೆ ದೊಡ್ಡ ಕಾಯಿಲೆಯಂತೆ, ದವಾಖಾನೆಯಿಂದ ಬರಿಗಾಲಲ್ಲಿ ಓಡಿಹೋಗಿ ಕಾಲುವೆಗೆ ಇಳಿದರಂತೆ ಎಂದು ದಿನಸಿ ಅಂಗಡಿಯವನು ಸುದ್ದಿ ಕೊಟ್ಟಿದ್ದ. ಆಳೆತ್ತರದ ಹುಲ್ಲಿನಲ್ಲಿ ಅವಳು ಕಾಣಿಸುತ್ತಿರಲಿಲ್ಲ. ಕಾಣುತ್ತಿದ್ದದ್ದು ಹುಲ್ಲಿನ ಮೇಲೆ ಎತ್ತಿ ಹಿಡಿದು ತೇಲಿಬರುತ್ತಿದ್ದ ಎರಡು ಕಪ್ಪು ಬೂಟುಗಳು.

“ರೀ, ಕೆಸರಲ್ಲಿ ಬರಿಗಾಲಲ್ಲಿ ನಿಲ್ಬೇಡಿ. ಬೂಟು ತಂದಿದೀನಿ.”

“ಅಯ್ಯೋ ಕೆಟ್ಟೆವು,” ಎಂದಳು ಲಾಂಡ್ರಿ ಅಕ್ಕ.

ಟ್ಯಾಂಕಿನ ಮೇಲೆ ಕಾವಲುಗಾರ ಎದ್ದು ನಿಂತ. ಹಣೆಗೆ ಕೈ ಅಡ್ಡ ಹಿಡಿದು ಬೂಟುಗಳನ್ನು ನೋಡಿದ. ಬಗ್ಗಿ ಒಂದು ಚಕ್ರ ತಿರುಗಿಸಿದ. ಸಾಹೇಬರು ಮೇಷ್ಟ್ರ ಕೈಯಿಂದ ಚೀಟಿ ಕಿತ್ತುಕೊಂಡು ಬಾಟಲಿಯನ್ನು ಕೊಳವೆಯ ಬಾಯಿಗೆ ಒಡ್ಡುವ ಹೊತ್ತಿಗೆ ಕೆಂಪು ಗುಲಾಬಿಯಾಗಿ, ಗುಲಾಬಿ ಬಿಳಿಚಿ, ಎಳನೀರಿನಂಥ ನೀರು ಬಾಟಲಿ ತುಂಬಿ ಚೆಲ್ಲಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

“ಬೂಟು ಯಾಕೆ ಎತ್ತಿ ತೋರಿಸಿದ್ರಿ ಅಕ್ಕಾ,” ಎಂದಳು ಲಾಂಡ್ರಿ ಅಕ್ಕ. “ಬೂಟು ಕಂಡ್ರೆ ಅವ್ರು ಬಣ್ಣದ ನೀರು ನಿಲ್ಲಿಸಿ ಬೋರಿನ ನೀರು ಬಿಡ್ತಾರೆ ಅಂತ ನಿಮಗೆ ಗೊತ್ತಿಲ್ವಾ?”

ಹೆಂಡತಿ ನಾಲಗೆ ಕಚ್ಚಿಕೊಂಡಳು. ಮೇಷ್ಟ್ರು ಆಕಾಶ ನೋಡಿದರು. ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅಲ್ಲಿ ಗೊತ್ತಿಲ್ಲದಿದ್ದದ್ದು ಅವರೊಬ್ಬರಿಗೇ.

ಕೇಳಿ ಕೇಳಿ ಕಥೆ ಹೊರಗೆ ಬಂತು. ಸಾಹೇಬರು ಬೂಟಿಗೆ ಎಣ್ಣೆ ಹಚ್ಚಿ ಗೋಡೆಯ ಮೇಲಿಟ್ಟರೆ ಮರುದಿನ ತಪಾಸಣೆ ಎಂಬುದನ್ನು ಟ್ಯಾಂಕಿನ ಮೇಲಿನವನು ಯಾವತ್ತೋ ಕಂಡುಕೊಂಡಿದ್ದ. ಬೂಟು ಕಂಡಾಗಲೆಲ್ಲ ಕಾಲುವೆ ತಿಳಿಯಾಗುತ್ತದೆ ಎಂಬುದನ್ನು ಬೀದಿ ಕಂಡುಕೊಂಡಿತ್ತು. ಆಮೇಲೆ ಸಾಹೇಬರು ಇಡುವವರೆಗೆ ಕಾಯುವುದು ಯಾಕೆ ಅನ್ನಿಸಿತು. ಯಾರಿಗೆ ಪರದೆ ಒಗೆಯಬೇಕೋ, ಕಂಬಳಿ ಒಗೆಯಬೇಕೋ, ಅವರು ಹಿತ್ತಲಿಗೆ ಬಂದು ಹೆಂಡತಿಗೆ ಒಂದು ಮಾತು ಹೇಳುವುದು. ಅವಳು ಗಂಡ ಕಚೇರಿಗೆ ಹೋದಮೇಲೆ ಬೂಟು ಗೋಡೆ ಹತ್ತಿಸುವುದು. ಸಂಜೆ ಅವರು ಬರುವುದರೊಳಗೆ ಇಳಿಸುವುದು. ಮೇಷ್ಟ್ರ ಹೂವಿನ ಗಿಡಗಳು ಕೂಡ ಈ ಬೂಟಿನ ಕೃಪೆಯಿಂದಲೇ ಬದುಕಿದ್ದವು. ಇವತ್ತಿನ ದುಪ್ಪಟಿಗಳಿಗಾಗಿಯೇ ಲಾಂಡ್ರಿ ಅಕ್ಕ ಬೂಟು ಕೇಳಲು ಹೊರಟಿದ್ದಳು. ಮನೆ ಯಜಮಾನರಿಗೇ ಕಾಯಿಲೆ ಅಂದಾಗ ಕೇಳುವುದು ಹೇಗೆಂದು ಸಂಕೋಚಪಟ್ಟು ಕಲ್ಲಿನ ಮೇಲೆ ಕೂತಿದ್ದಳು.

“ಆಸ್ಪತ್ರೆಯವ್ರು ಕೆಂಪು ದುಪ್ಪಟಿ ತಗೋತಾರಾ ಅಣ್ಣಾ, ನೀವೇ ಹೇಳಿ,” ಎಂದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಸಾಹೇಬರಿಗೆ ಮೊದಲು ನೆನಪಾದದ್ದು ತಾವು ಮಾತು ಬಿಟ್ಟ ಡ್ರೈವರ್. ಪಾಪ, ಅವನು ತಪ್ಪೇನೆಂದೇ ತಿಳಿಯದ ಕೂಸಿನಂತೆ ದಿನಾ ನಮಸ್ಕಾರ ಹಾಕುತ್ತಿದ್ದ. ಆಮೇಲೆ ಗುಮಾಸ್ತನ ಚಹಾ ನೆನಪಾಯಿತು. ಕೊನೆಗೆ ಸಿಟ್ಟು ಬಂತು. ಆದರೆ ಸಿಟ್ಟು ಯಾರ ಮೇಲೆ ಮಾಡುವುದು? ಸೇತುವೆಯ ಆಚೆ ನೋಡಿದರೆ ಬೀದಿಗೆ ಬೀದಿಯೇ ಬಕೆಟ್ಟು ಹಿಡಿದು ಇಳಿದಿತ್ತು. ನೀರು ತಿಳಿಯಾದದ್ದನ್ನು ಕಂಡು ಎಲ್ಲರ ಮುಖವೂ ಅರಳಿತ್ತು. ನೀರನ್ನು ತಿಳಿ ಮಾಡುವುದಕ್ಕೇ ಅಲ್ಲವೇ ತಾನು ಸಂಬಳ ಎಣಿಸುವುದು ಎಂದುಕೊಂಡಾಗ ಅವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆದರೂ ಪಟ್ಟು ಬಿಡಲಿಲ್ಲ. ಬೂಟನ್ನು ಹೆಂಡತಿಯ ಕೈಯಲ್ಲೇ ಬಿಟ್ಟು, ಗೋಡೆಯ ಮೇಲಿಡು, ಜನ ಒಗೆದುಕೊಳ್ಳಲಿ ಎಂದು ಹೇಳಿ, ಕೆಸರಿನ ಬಟ್ಟೆಯಲ್ಲೇ ಕಚೇರಿಗೆ ಹೋದರು. ಮೇಡಂ ಮುಂದೆ ನಿಂತು ಸತ್ಯವನ್ನೆಲ್ಲ ಒಪ್ಪಿಸಿದರು. ತಿಳಿನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟು, ಇದೇ ಸಾಕ್ಷಿ, ಬೂಟಿಗೆ ಹೆದರುವವನು ತಪ್ಪಿತಸ್ಥನೇ ಆಗಿರಬೇಕು, ದೂರು ಮುಚ್ಚಬೇಡಿ, ನಾಲ್ಕು ದಿನ ಕೊಡಿ ಎಂದು ಕೇಳಿಕೊಂಡರು.

ಮೇಡಂ ಬುದ್ಧಿವಂತೆ. ಎಲ್ಲವನ್ನೂ ಗಮನವಿಟ್ಟು ಕೇಳಿದರು.

“ನೀವು ಹೋದ್ರೆ ನೀರು ತಿಳಿ ಆಗುತ್ತೆ. ಬೂಟು ಇಟ್ರೂ ತಿಳಿ ಆಗುತ್ತೆ. ಹೌದಾ?”

“ಹೌದು ಮೇಡಂ.”

“ಹಾಗಾದ್ರೆ ನೀವು ಯಾಕೆ ಹೋಗ್ಬೇಕು?”

ಸಾಹೇಬರು ಮೇಜಿನ ಮೇಲಿನ ಬಾಟಲಿಗೆ ಕೈ ಚಾಚುವಷ್ಟರಲ್ಲಿ ಆದೇಶ ಸಿದ್ಧವಾಯಿತು. ಕಾಲುವೆ ಭಾಗದ ನಿರೀಕ್ಷಣೆಯನ್ನು ಇನ್ನು ಮುಂದೆ ಸದರಿ ಬೂಟುಗಳು ಹಿತ್ತಲ ಗೋಡೆಯ ಮೇಲಿಂದಲೇ ನಿರ್ವಹಿಸತಕ್ಕದ್ದು. ನೀರು ತಿಳಿಯಿರುವುದರಿಂದ ದೂರು ಮುಕ್ತಾಯ. ನಿರೀಕ್ಷಕರನ್ನು ಸ್ಟೋರಿಗೆ ವರ್ಗಾಯಿಸಲಾಗಿದೆ. ಬೂಟು ಸ್ಟೋರಿನ ಸ್ವತ್ತಾದ್ದರಿಂದ, ಅದು ಇರುವ ಜಾಗದಲ್ಲೇ ಸ್ಟೋರಿನವರು ಹಾಜರಿದ್ದು ಕಾಯತಕ್ಕದ್ದು. ಎರಡನೇ ಕೊಳವೆಯ ಗತಿ ಏನೆಂದು ಸಾಹೇಬರು ಕ್ಷೀಣವಾಗಿ ಕೇಳಿದರು.

“ಬೂಟನ್ನ ಸ್ವಲ್ಪ ಆ ಕಡೆ ತಿರುಗಿಸಿಡಿ,” ಎಂದರು ಮೇಡಂ.

ಹೀಗೆ ಸಂಜೆಯ ಹೊತ್ತಿಗೆ ಬಾಟಲಿ ಸಾಹೇಬರು ತಮ್ಮದೇ ಹಿತ್ತಲಲ್ಲಿ, ತಮ್ಮದೇ ಕುರ್ಚಿಯಲ್ಲಿ, ತಮ್ಮದೇ ಬೂಟಿನ ಕಾವಲಿಗೆ ಇಂಗು ತಿಂದ ಮಂಗನಂತೆ ಕುಳಿತಿದ್ದರು. ಎದುರು ದಡದಲ್ಲಿ ಟ್ಯಾಂಕಿನ ಮೇಲೆ ಕಾವಲುಗಾರ ಕುಳಿತಿದ್ದ. ಅವನು ಬೂಟು ನೋಡುತ್ತಿದ್ದ, ಇವರು ಅವನನ್ನು ನೋಡುತ್ತಿದ್ದರು. ಬೂಟು ಇಲ್ಲಿಂದ ಅಲುಗದಿದ್ದರೆ ಕಾರ್ಖಾನೆಯವರೂ ಬಣ್ಣದ ನೀರನ್ನು ಎಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಾರು, ನೋಡೇಬಿಡೋಣ ಎಂದು ಸಾಹೇಬರು ಕುರ್ಚಿಯಲ್ಲಿ ಇನ್ನಷ್ಟು ಬೇರೂರಿದರು. ಹೆಂಡತಿ ಅಪರಾಧ ಮಾಡಿದವಳಂತೆ ಎರಡೆರಡು ಸಲ ಚಹಾ ತಂದಿಟ್ಟಳು. ಮೇಷ್ಟ್ರು ಆದೇಶವನ್ನು ಇಸಿದುಕೊಂಡು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು.

ಅಷ್ಟರಲ್ಲಿ ಲಾಂಡ್ರಿ ಅಕ್ಕ ಕೊನೆಯ ದುಪ್ಪಟಿ ಹಿಂಡಿಕೊಂಡು ಬಂದಳು. ಬೀದಿಯ ಹಗ್ಗ, ಬೇಲಿ, ಕಿಟಕಿ ಎಲ್ಲ ಒದ್ದೆ ಬಟ್ಟೆಯಿಂದ ತುಂಬಿ ಅದೊಂದಕ್ಕೆ ಎಲ್ಲೂ ಜಾಗ ಇರಲಿಲ್ಲ. ಇಲ್ಲೇ ಹಾಕ್ತೀನಿ ಅಣ್ಣಾ ಎಂದವಳೇ ಹಿತ್ತಲ ಗೋಡೆಯ ಮೇಲೆ, ಬೂಟಿನ ಸಮೇತ, ದುಪ್ಪಟಿಯನ್ನು ಹರವಿದಳು.

ಟ್ಯಾಂಕಿನ ಮೇಲಿನವನು ಕತ್ತು ಉದ್ದ ಮಾಡಿದ. ಗೋಡೆಯ ಮೇಲೆ ಬೂಟು ಕಾಣಲಿಲ್ಲ. ಬಗ್ಗಿ ಚಕ್ರ ತಿರುಗಿಸಿದ. ಮಧ್ಯಾಹ್ನದಿಂದ ಕಟ್ಟಿಟ್ಟದ್ದೆಲ್ಲ ಒಂದೇ ಸಲಕ್ಕೆ ಬಂತು. ಮೆಟ್ಟಿಲ ಕೆಳಗೆ ಕಾಲುವೆ ಕೆಂಪಾಗಿ, ಕಡುಗೆಂಪಾಗಿ, ನೊರೆ ಎಬ್ಬಿಸುತ್ತ ಹರಿಯತೊಡಗಿತು.

ಸಾಹೇಬರು ಕುರ್ಚಿಯಿಂದ ಚಿಮ್ಮಿದರು. ಚೀಲದಲ್ಲಿ ಎರಡು ಬಾಟಲಿ ಇನ್ನೂ ಖಾಲಿ ಇದ್ದವು, ಜೇಬಿನಲ್ಲಿ ಒಂದು ಸಾ‌ಕ್ಷಿ ಚೀಟಿ ಇತ್ತು, ಪಕ್ಕದಲ್ಲೇ ದಡದ ಇಬ್ಬರು ನಿವಾಸಿಗಳಿದ್ದರು, ಆದೇಶದ ಪ್ರಕಾರ ನಿರೀಕ್ಷಣೆಯ ಜಾಗವೂ ಈಗ ಇದೇ ಹಿತ್ತಲಾಗಿತ್ತು. ದುಪ್ಪಟಿ ಮುಟ್ಟಬೇಡ ಎಂದು ಅಕ್ಕನಿಗೆ ಅಪ್ಪಣೆ ಮಾಡಿ, ಮೆಟ್ಟಿಲಿಳಿದು, ಕಂಠದವರೆಗೆ ಕೆಂಪು ತುಂಬಿ ಬಿರಡೆ ಜಡಿದರು. ಅಕ್ಕ ಸಹಿ ಹಾಕಿದಳು. ಬೆಳಗಿನ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಮೇಷ್ಟ್ರು ಕೂಡ ಈ ಸಲ ಓದದೆ ಸಹಿ ಹಾಕಿದರು. ಹಾಕಿದಮೇಲೆ ಅಭ್ಯಾಸಬಲದಿಂದ ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಅವರ ಧ್ವನಿ ಕುಗ್ಗಿತು.

“ಇಲ್ಲಿ ‘ಹುದ್ದೆಯಲ್ಲಿರುವ ನಿರೀಕ್ಷಕರ ಸಹಿ’ ಅಂತಿದೆ ಸಾಹೇಬ್ರೇ. ನೀವೀಗ ಸ್ಟೋರಿನವರಲ್ವಾ?”

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ನೀರಿತ್ತು, ಬಾಟಲಿಯಿತ್ತು, ಸಾಕ್ಷಿಗಳಿದ್ದರು. ನಿರೀಕ್ಷಕರು ಮಾತ್ರ ಇರಲಿಲ್ಲ. ಮೇಷ್ಟ್ರು ಆದೇಶದ ಹಾಳೆಯನ್ನು ಮತ್ತೊಮ್ಮೆ ತೆರೆದು, ಈ ಭಾಗಕ್ಕೆ ಈಗಿನ ನಿರೀಕ್ಷಕರು ಯಾರೆಂದು ಹುಡುಕಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎಲ್ಲರೂ ಗೋಡೆಯ ಕಡೆ ತಿರುಗಿದರು. ದುಪ್ಪಟಿಯ ಕೆಳಗೆ ನಿರೀಕ್ಷಕರಿಬ್ಬರು ಮುಸುಕು ಹೊದ್ದು ನಿಂತಿದ್ದರು.

“ಅವಕ್ಕೆ ಸಹಿ ಬರಲ್ವಲ್ಲ,” ಎಂದರು ಮೇಷ್ಟ್ರು.

ಪ್ರಯೋಗಾಲಯ ಮುಚ್ಚುವ ಹೊತ್ತು ಮೀರಿತ್ತು. ದೂರು ಮುಚ್ಚಿತ್ತು. ನೌಕರಿ ಗೋಡೆ ಹತ್ತಿತ್ತು. ಬಾಟಲಿ ಸಾಹೇಬರು ಒಂದು ಗಳಿಗೆ ಕೆಂಪು ಬಾಟಲಿಯನ್ನು ನೋಡಿದರು, ಹರಿಯುವ ಕೆಂಪನ್ನು ನೋಡಿದರು. ಆಮೇಲೆ ದುಪ್ಪಟಿಯೊಳಗೆ ಕೈ ಹಾಕಿ ಬಲಗಾಲಿನ ಬೂಟನ್ನು ಹೊರಕ್ಕೆ ತೆಗೆದರು.

“ಸಹಿ ಬರದವರು ಏನ್ಮಾಡ್ತಾರೆ ಮೇಷ್ಟ್ರೇ?” ಎಂದರು. “ಹೆಬ್ಬೆಟ್ಟು ಒತ್ತುತ್ತಾರೆ.”

ಬೂಟಿನ ತುದಿಯನ್ನು ಕಾಲುವೆಯ ಕೆಂಪಿನಲ್ಲಿ ಅದ್ದಿ, ಚೀಟಿಯ ಕೊನೆಯ ಸಾಲಿನ ಮೇಲೆ ಬಲವಾಗಿ ಒತ್ತಿದರು. ಹೆಬ್ಬೆರಳಿನ ಜಾಗ ಚೆನ್ನಾಗಿಯೇ ಮೂಡಿತು. ನಾಳೆ ಬೆಳಿಗ್ಗೆ ಇದನ್ನು ಮೇಡಂ ಮೇಜಿನ ಮೇಲಿಡುತ್ತೇನೆ, ಅವರೇ ನೇಮಿಸಿದ ನಿರೀಕ್ಷಕರು ಹಿಡಿದ ಮಾದರಿ, ಬೇಡ ಅನ್ನಲಿ ನೋಡೋಣ ಎಂದರು. ನಾಳೆ ಯಾರು ಇಲ್ಲಿ ಬೂಟು ಕಾಯುವುದು ಎಂದು ಹೆಂಡತಿ ಕೇಳಿದಳು.

ಸಾಹೇಬರು ಬೂಟನ್ನು ಒರೆಸಿ, ದುಪ್ಪಟಿಯನ್ನು ಸರಿಸಿ, ಜೊತೆಯನ್ನು ಮತ್ತೆ ಗೋಡೆಯ ಮೇಲಿಟ್ಟರು. ಎರಡನೇ ಕೊಳವೆ ಬರುವ ದಿಕ್ಕಿಗೆ ಸ್ವಲ್ಪ ತಿರುಗಿಸಿಯೇ ಇಟ್ಟರು. ಎದುರು ದಡದವನು ಎದ್ದು ಚಕ್ರಕ್ಕೆ ಕೈ ಹಾಕಿದ. ಸಾಹೇಬರು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತರು. ಸಾಹೇಬರ ಕೆಂಪು ಕೈ ತಾಗಿ ಅಂಚು ಗುಲಾಬಿಯಾದ ದುಪ್ಪಟಿಯನ್ನು ಹಿಡಿದು ಲಾಂಡ್ರಿ ಅಕ್ಕ, ನೀರು ತಿಳಿಯಾಗುವುದನ್ನೇ ಕಾಯುತ್ತ ಮೆಟ್ಟಿಲ ಮೇಲೆ ನಿಂತಿದ್ದಳು.